ಮಳೆ ಹಿಡಿಯಿತು, ಓಟ ನಿಂತಿತು: ಈಗೇನು ಮಾಡಲಿ?

ಪ್ರಶ್ನೆ: ಅಕ್ಕಾ, ನಮಸ್ತೆ. ನನಗೆ 37 ವರ್ಷ, ತುಮಕೂರಿನ ಶೆಟ್ಟಿಹಳ್ಳಿ ಕಡೆ ಮನೆ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆ ಏಪ್ರಿಲ್ ಕೊನೆಯಲ್ಲಿ ಓಡಲು ಶುರು ಮಾಡಿದೆ. ಸ್ಕೂಲು ಬಿಟ್ಟ ಮೇಲೆ ಓಡಿದ್ದೇ ಇಲ್ಲ. ಮೊಬೈಲ್‌ನಲ್ಲಿ ಸಿಕ್ಕ 9 ವಾರದ ಪ್ಲಾನ್ ಹಿಡಿದು, ಒಂದು ನಿಮಿಷ ಓಡು ಒಂದೂವರೆ ನಿಮಿಷ ನಡೆ ಅಂತ ಶುರುಮಾಡಿದವಳು ಐದನೇ ವಾರಕ್ಕೆ ಬಂದಿದ್ದೆ. ಅಷ್ಟರಲ್ಲಿ ಜೂನ್ ಬಂತು. ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡೆಯುತ್ತದೆ, ಕಿಟಕಿ ತೆಗೆದರೆ ಜಿಟಿಜಿಟಿ ಮಳೆ, ಚಳಿಗಾಳಿ. ಮತ್ತೆ ಮುಸುಕು ಎಳೆದುಕೊಳ್ಳುತ್ತೇನೆ. ಹೀಗೇ ಮೂರು ವಾರ ಆಯಿತು. ಮಳೆಯಲ್ಲಿ ನೆನೆದರೆ ಶೀತ ಎದೆಗಿಳಿಯುತ್ತದೆ ಅಂತ ಅತ್ತೆ ಬೇರೆ ಹೇಳುತ್ತಾರೆ. ಟ್ರೆಡ್‌ಮಿಲ್ ಕೊಳ್ಳೋಕೆ ದುಡ್ಡಿಲ್ಲ, ಇಡೋಕೆ ಜಾಗವೂ ಇಲ್ಲ. ನಾನು ಸೋಮಾರಿ ಅನ್ನಿಸಿ ತುಂಬಾ ಬೇಜಾರಾಗುತ್ತಿದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಶುರು ಮಾಡಲಾ? ಅಲ್ಲಿತನಕ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?
– ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಭಯ ಆಗಿದ್ದು ಒಂದೇ ಸಾಲಿಗೆ. ‘ಮಳೆಗಾಲ ಮುಗಿದ ಮೇಲೆ’ ಅಂದಿರಲ್ಲ, ಅದಕ್ಕೆ. ನಮ್ಮೂರಲ್ಲಿ ಮಳೆಗಾಲ ಯಾವಾಗ ಮುಗಿಯುತ್ತದೆ, ಒಮ್ಮೆ ಲೆಕ್ಕ ಹಾಕಿ ನೋಡಿ. ಜೂನ್, ಜುಲೈ ಪೂರ್ತಿ ಮೋಡ, ತುಂತುರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಿಜವಾದ ಮಳೆ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆದರೆ ಸಾಕು, ಇಲ್ಲಿ ಎರಡು ಮೂರು ದಿನ ಸೂರ್ಯ ಕಾಣಲ್ಲ. ಡಿಸೆಂಬರ್, ಜನವರಿಗೆ ಚಳಿ, ಮಂಜು. ಫೆಬ್ರವರಿ ಚೆನ್ನಾಗಿರುತ್ತದೆ. ಮಾರ್ಚ್‌ಗೆ ಬಿಸಿಲು ಶುರು. ಒಳ್ಳೇ ಹವೆ ಬರಲಿ ಅಂತ ಕಾಯುತ್ತಾ ಕೂತರೆ ವರ್ಷಕ್ಕೆ ಒಂದೂವರೆ ತಿಂಗಳು ಓಡಬಹುದು, ಅಷ್ಟೇ.

ಇದು ನನಗೆ ಗೊತ್ತಿರುವುದು ನಾನೇ ಕಾದಿದ್ದರಿಂದ. ನಲವತ್ತೊಂದನೇ ವಯಸ್ಸಿನಲ್ಲಿ ಓಡಲು ಶುರು ಮಾಡಿದೆ. ಆ ವರ್ಷ ಹಸ್ತ ಮಳೆ ನಾಲ್ಕು ದಿನ ಬಿಡದೆ ಹಿಡಿಯಿತು. ಮಳೆ ಬಿಡಲಿ ಆಮೇಲೆ ಹೋಗೋಣ ಅಂದುಕೊಂಡೆ. ಮಳೆ ಬಿಟ್ಟಿತು, ನಾನು ಹೋಗಲಿಲ್ಲ. ನಾಲ್ಕು ದಿನದ ಮಳೆಗೆ ಐದು ತಿಂಗಳು ಓಟ ನಿಂತಿತು. ಮತ್ತೆ ಶೂ ಹಾಕಿಕೊಂಡಾಗ ಶಿವರಾತ್ರಿ ಹತ್ತಿರ ಬಂದಿತ್ತು, ಎರಡು ನಿಮಿಷ ಓಡಿದರೆ ಏದುಸಿರು, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಆ ದಿನ ಅಮಾನಿಕೆರೆ ಏರಿ ಹತ್ತಿರ ಕಲ್ಲಿನ ಮೇಲೆ ಕೂತು ಅತ್ತಿದ್ದೆ. ಅದು ನಿಮಗೆ ಆಗಬಾರದು ಅನ್ನುವ ಆಸೆಯಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮಳೆಯ ವಿಷಯ ಮಾತಾಡೋಣ. ನಮ್ಮ ಜಿಲ್ಲೆ ಇರುವುದು ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿ. ಮುಂಗಾರಿನ ಮೋಡ ಆಗುಂಬೆ, ಸಕಲೇಶಪುರದ ಕಡೆ ಸುರಿದು ಬರಿದಾಗಿ ನಮ್ಮ ಕಡೆ ಬರುವ ಹೊತ್ತಿಗೆ ಉಳಿದಿರುವುದು ಗಾಳಿ, ಮಬ್ಬು, ಆಗಾಗ ಒಂದು ತುಂತುರು. ಕಿಟಕಿಯಿಂದ ನೋಡಿದರೆ ದೊಡ್ಡ ಮಳೆಯ ಹಾಗೆ ಕಾಣುತ್ತದೆ. ಶೀಟಿನ ಮೇಲೆ ಬಿದ್ದ ಸದ್ದು ಕೇಳಿದರಂತೂ ಮುಗಿಯಿತು. ಗೇಟ್ ಹತ್ತಿರ ಹೋಗಿ ಕೈ ಚಾಚಿ ನೋಡಿ, ಅಂಗೈ ನೆನೆಯೋದಕ್ಕೆ ಅರ್ಧ ನಿಮಿಷ ಬೇಕು. ಇನ್ನು ಜೋರು ಮಳೆಯ ಕಾಲ ಅಂದರೆ ಉತ್ತರೆ, ಹಸ್ತ, ಚಿತ್ತೆ. ಆಗ ಹಗಲೆಲ್ಲ ನೆಲ ಕಾದು ಮೋಡ ಕಟ್ಟುವುದರಿಂದ ಮಳೆ ಜಾಸ್ತಿ ಹೊಯ್ಯುವುದು ಸಂಜೆ ಮತ್ತು ರಾತ್ರಿ. ಬೆಳಿಗ್ಗೆ ಆರಕ್ಕೆ ರಸ್ತೆ ಒದ್ದೆ ಇರುತ್ತದೆ, ಆಕಾಶ ಹೊಳವಾಗಿರುತ್ತದೆ. ನಾನು ಒಂದು ವರ್ಷ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇದನ್ನೂ ಬರೆದಿಟ್ಟೆ. ಬೆಳಿಗ್ಗೆ ಗೇಟ್ ಹತ್ತಿರ ನಿಂತಾಗ ಮಳೆ ಇತ್ತಾ, ಇಲ್ವಾ, ಅಷ್ಟೇ. ನಿಜವಾಗಿ ಓಡಲು ಆಗದಂಥ ಬೆಳಗುಗಳು ಬೆರಳೆಣಿಕೆಯಷ್ಟಿದ್ದವು. ನೀವೂ ಒಂದು ತಿಂಗಳು ಬರೆದು ನೋಡಿ. ನಿಮ್ಮ ಪ್ಲಾನ್‌ನಲ್ಲಿ ವಾರಕ್ಕೆ ಇರುವುದು ಮೂರೇ ದಿನ ಅಲ್ವಾ? ಏಳು ಬೆಳಗಿನಲ್ಲಿ ಮೂರು ಸಿಕ್ಕರೆ ಸಾಕು. ಸೋಮವಾರ ಸುರಿದರೆ ಮಂಗಳವಾರ ಹೋಗಿ. ಸೋಮ, ಬುಧ, ಶುಕ್ರ ಅಂತ ಕಟ್ಟುನಿಟ್ಟು ಮಾಡಿಕೊಂಡವರು ಒಂದು ಬುಧವಾರ ತಪ್ಪಿದ ಕೂಡಲೇ ವಾರವೇ ಹೋಯಿತು ಅಂತ ಕೈಬಿಡುತ್ತಾರೆ, ಸುಮಾರು ಜನರನ್ನು ನೋಡಿದ್ದೇನೆ.

ಇನ್ನೊಂದು ಮಾತು ಕೇಳುತ್ತೇನೆ, ಬೇಸರ ಮಾಡ್ಕೋಬೇಡಿ. ನೀವು ನಿಂತಿದ್ದು ಐದನೇ ವಾರದಲ್ಲಿ. ಆ ವಾರದ ಮೂರನೇ ದಿನ ಮಧ್ಯೆ ನಡಿಗೆ ಇಲ್ಲದೆ ಒಂದೇ ಸಮ 20 ನಿಮಿಷ ಓಡಬೇಕು ಅಂತ ಬರೆದಿರುತ್ತದೆ. ಅದಕ್ಕೂ ಹಿಂದಿನ ಓಟದಲ್ಲಿ ಅತಿ ಉದ್ದದ್ದು ಅಂದರೆ 8 ನಿಮಿಷ. ಎಂಟರಿಂದ ಇಪ್ಪತ್ತು! ನೋಡಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಮಳೆ ಬಂದಾಗ ಒಳಗೆಲ್ಲೋ ‘ಸದ್ಯ, ಇವತ್ತು ಬೇಡ’ ಅನ್ನಿಸಿತಾ? ಅನ್ನಿಸಿದ್ದರೆ ನಿಮ್ಮನ್ನು ತಡೆದಿದ್ದರಲ್ಲಿ ಮಳೆಯ ಪಾಲು ಅರ್ಧ, ಆ ಇಪ್ಪತ್ತು ನಿಮಿಷದ್ದು ಇನ್ನರ್ಧ. ಈ ಪ್ಲಾನ್ ಮಾಡಿದ್ದು 1996ರಲ್ಲಿ, ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕದ ಯುವಕ. ಐವತ್ತು ದಾಟಿದ ತನ್ನ ತಾಯಿಯೂ ಓಡುವ ಹಾಗಾಗಲಿ ಅಂತ ಮಾಡಿದ್ದು. ಅಂದರೆ ಅದು ಪರೀಕ್ಷೆ ಥರ ಇಲ್ಲ, ಒಂದು ವಾರವನ್ನು ಎರಡು ಸಲ, ಮೂರು ಸಲ ಮಾಡಿದರೂ ಯಾರೂ ಫೇಲ್ ಮಾಡಲ್ಲ. ಈಗ ನೀವು ಮೂರನೇ ವಾರಕ್ಕೆ ವಾಪಸ್ ಹೋಗಿ. ಒಂದೂವರೆ ನಿಮಿಷ, ಮೂರು ನಿಮಿಷದ ಓಟಗಳು. ಮಳೆಯಲ್ಲಿ ಅದು ಸರಿಯಾದ ಅಳತೆ. ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ. ಪಕ್ಕದಲ್ಲಿ ಇರುವವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ವೇಗ ಜಾಸ್ತಿ ಆಯಿತು ಅಂತ.

ಈಗ ಅಸಲು ಪ್ರಶ್ನೆ, ಉತ್ಸಾಹ. ಅದನ್ನು ಹಾಸಿಗೆಯಲ್ಲಿ ಹುಡುಕಬೇಡಿ. ಬೆಳಿಗ್ಗೆ ಐದೂವರೆಗೆ, ಹೊರಗೆ ಮಳೆ ಇರುವಾಗ, ಬೆಚ್ಚಗಿನ ಕಂಬಳಿಯೊಳಗೆ ಯಾರಿಗೂ ಉತ್ಸಾಹ ಇರಲ್ಲ. ಹತ್ತು ವರ್ಷದಿಂದ ಓಡುತ್ತಿರುವವರಿಗೂ ಇರಲ್ಲ. ಅದು ಬರುವುದು ಹೊರಟ ಮೇಲೆ, ಮೈ ಬಿಸಿಯಾದ ಮೇಲೆ. ಮೊದಲ ಏಳೆಂಟು ನಿಮಿಷ ಕಾಲು ಮರದ ಕೊರಡಿನ ಹಾಗಿರುತ್ತದೆ, ಚಳಿ ಕಚ್ಚುತ್ತದೆ, ವಾಪಸ್ ಹೋಗೋಣ ಅನ್ನಿಸುತ್ತದೆ. ರಕ್ತ ಓಡಾಡಿ ಮಾಂಸಖಂಡ ಸಡಿಲವಾದ ಕೂಡಲೇ ಅದೇ ಮಳೆ ಹಿತವಾಗುತ್ತದೆ. ಆದ್ದರಿಂದ ಕಿಟಕಿ ಹತ್ತಿರ ನಿಂತು ತೀರ್ಮಾನ ಮಾಡುವುದನ್ನೇ ಬಿಟ್ಟುಬಿಡಿ. ಕಿಟಕಿ ತೆಗೆಯಲೇಬೇಡಿ. ಎದ್ದು, ಬಟ್ಟೆ ಹಾಕಿ, ಶೂ ಕಟ್ಟಿ, ಗೇಟ್ ದಾಟಿ ರಸ್ತೆ ಕೊನೆಯವರೆಗೆ ನಡೆಯಿರಿ. ಹತ್ತು ನಿಮಿಷ ನಡೆದ ಮೇಲೂ ಬೇಡ ಅನ್ನಿಸಿದರೆ ಖಂಡಿತ ವಾಪಸ್ ಬನ್ನಿ, ಆ ದಿನದ ಕೆಲಸ ಆಯಿತು ಅಂತಲೇ ಲೆಕ್ಕ. ನಾನು ಹಾಗೆ ವಾಪಸ್ ಬಂದಿದ್ದು ತೀರಾ ಕಡಿಮೆ. ಬಂದ ದಿನಗಳಲ್ಲೂ ಬೇಜಾರಾಗಿಲ್ಲ, ಯಾಕಂದರೆ ಹೋಗಿದ್ದೆನಲ್ಲ.

ಇದಕ್ಕೆ ಬೇಕಾದ ಕೆಲಸ ಎಲ್ಲ ಹಿಂದಿನ ರಾತ್ರಿಯದು. ಬಟ್ಟೆ, ಸಾಕ್ಸ್, ಟವೆಲ್, ಮನೆ ಕೀ ಎಲ್ಲ ಒಂದೇ ಕುರ್ಚಿಯ ಮೇಲೆ ಇಟ್ಟು ಮಲಗಿ. ಅರೆನಿದ್ದೆಯಲ್ಲಿ ಒಂದು ಸಾಕ್ಸ್ ಹುಡುಕುವಂತಾದರೂ ಸಾಕು, ಮನಸ್ಸು ವಾಪಸ್ ಕಂಬಳಿಗೆ ಹೋಗುತ್ತದೆ. ಮಲಗುವ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳಿ: ‘ತುಂತುರು ಇದ್ದರೆ ಕ್ಯಾಪ್ ಹಾಕಿಕೊಂಡು ಹೋಗುತ್ತೇನೆ, ಗುಡುಗು ಇದ್ದರೆ ಮನೆಯೊಳಗೇ ಮಾಡುತ್ತೇನೆ.’ ಹೀಗಾದರೆ ಹೀಗೆ ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಕೆಲಸ ಆಗುವ ಸಾಧ್ಯತೆ ಹೆಚ್ಚು ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ಬೆಳಿಗ್ಗೆ ಯೋಚನೆ ಮಾಡುವುದು ಏನೂ ಉಳಿದಿರಬಾರದು.

ದೊಡ್ಡವರಿಗೂ ಹೀಗೇ ಆಗುತ್ತದಾ ಅಂತ ಕೇಳಬಹುದು. 2018ರ ಬಾಸ್ಟನ್ ಮ್ಯಾರಥಾನ್ ದಿನ ಅಲ್ಲಿ ಕೊರೆಯುವ ಚಳಿ, ಸುರಿವ ಮಳೆ, ಎದುರುಗಾಳಿ. ಎಷ್ಟೋ ನುರಿತ ಓಟಗಾರರು ಅರ್ಧಕ್ಕೇ ಬಿಟ್ಟರು. ಅಮೆರಿಕದ ಡೆಸ್ ಲಿಂಡನ್‌ಗೆ ಶುರುವಿನಲ್ಲೇ ಮೈ ಸರಿಯಿರಲಿಲ್ಲ. ಜೊತೆಯಲ್ಲಿ ಓಡುತ್ತಿದ್ದ ಶಲೇನ್ ಫ್ಲಾನಗನ್‌ಗೆ, ನಾನು ಬಹುಶಃ ಬಿಡುತ್ತೇನೆ, ನಿನಗೆ ಏನಾದರೂ ಸಹಾಯ ಬೇಕಿದ್ದರೆ ಹೇಳು ಅಂದರಂತೆ. ಫ್ಲಾನಗನ್ ಶೌಚಕ್ಕೆ ನಿಂತಾಗ ಲಿಂಡನ್ ನಿಧಾನ ಮಾಡಿ ಕಾದರು, ಅವರನ್ನು ಮತ್ತೆ ಗುಂಪಿಗೆ ಸೇರಿಸಿದರು. ಹೀಗೆ ಇನ್ನೊಬ್ಬರಿಗಾಗಿ ಸ್ವಲ್ಪ ದೂರ, ಮತ್ತೆ ಸ್ವಲ್ಪ ದೂರ ಅಂತ ಓಡುತ್ತಾ ಹೋಗಿ ಕೊನೆಗೆ 2 ಗಂಟೆ 39 ನಿಮಿಷ 54 ಸೆಕೆಂಡಿನಲ್ಲಿ ಗೆದ್ದೇ ಬಿಟ್ಟರು. 1985ರ ನಂತರ ಅಲ್ಲಿ ಗೆದ್ದ ಮೊದಲ ಅಮೆರಿಕದ ಹೆಂಗಸು ಅವರು. ಅದೇ ದಿನ ಗಂಡಸರಲ್ಲಿ ಗೆದ್ದ ಜಪಾನಿನ ಯೂಕಿ ಕವಾಉಚಿ ಆಗ ದಿನಾ ಆಫೀಸಿಗೆ ಹೋಗಿಬರುತ್ತಿದ್ದ ಸರ್ಕಾರಿ ನೌಕರ. ಜೋರು ಮಳೆಯ ದಿನ ನನಗೆ ನೆನಪಾಗುವುದು ಲಿಂಡನ್ ಗೆದ್ದಿದ್ದಲ್ಲ, ಬಿಡುತ್ತೇನೆ ಅಂದ ಮೇಲೂ ಇನ್ನೊಂದು ಮೈಲಿ ಹೋಗಿದ್ದು.

ನೀವು ಸೋಮಾರಿ ಅನ್ನುವ ಮಾತನ್ನು ನಾನು ಒಪ್ಪಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ಅಭ್ಯಾಸ ಹೇಗೆ ಬೇರೂರುತ್ತದೆ ಅಂತ ನೋಡಿದರು. ಒಂದು ಕೆಲಸ ತಾನೇ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ ಅನ್ನುವುದೂ ಅದರಲ್ಲೇ ಗೊತ್ತಾಯಿತು. ನೀವು ಏಪ್ರಿಲ್ ಕೊನೆಯಲ್ಲಿ ಶುರು ಮಾಡಿದವರು, ವಾರಕ್ಕೆ ಮೂರು ದಿನದಂತೆ ಹದಿನೈದು ಸಲ ಕೂಡ ಓಡಿಲ್ಲ. ಬೇರು ಇನ್ನೂ ಇಳಿದೇ ಇಲ್ಲ, ಅಷ್ಟರಲ್ಲಿ ಮಳೆ ಬಂತು. ಇದರಲ್ಲಿ ನಿಮ್ಮ ಗುಣದ ಪ್ರಶ್ನೆ ಎಲ್ಲಿ ಬಂತು? ಮೂರು ವಾರ ಬಿಟ್ಟಿದ್ದರಿಂದ ದಮ್ಮು ಸ್ವಲ್ಪ ಕಡಿಮೆಯಾಗಿರುತ್ತದೆ, ನಿಜ. ಮೊದಲ ಸಲ ಗಳಿಸಿದ್ದಕ್ಕಿಂತ ಬೇಗ ಅದು ವಾಪಸ್ ಬರುತ್ತದೆ.

ಅತ್ತೆಯವರ ಮಾತಿಗೆ ಬರೋಣ. ನೆಗಡಿ ಬರುವುದು ವೈರಸ್‌ನಿಂದ, ಮಳೆ ನೀರಿನಿಂದಲ್ಲ. ಆದರೂ ಅವರು ಹೇಳುವುದರಲ್ಲಿ ಒಂದು ಹುರುಳಿದೆ. ಓಡುವಾಗ ಮೈ ಬಿಸಿ ಇರುತ್ತದೆ, ನಿಂತ ಕೂಡಲೇ ಒದ್ದೆ ಬಟ್ಟೆ ಆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಓಟ ಮುಗಿಸಿ ಒದ್ದೆ ಬಟ್ಟೆಯಲ್ಲೇ ಹಾಲಿನ ಬೂತ್ ಹತ್ತಿರ ಮಾತಾಡುತ್ತಾ ನಿಂತರೆ ನಡುಕ ಬರುವುದು ಗ್ಯಾರಂಟಿ. ಅದಕ್ಕೆ ನೇರ ಮನೆಗೆ ಬನ್ನಿ, ಬಂದು ಹತ್ತು ನಿಮಿಷದೊಳಗೆ ಬಟ್ಟೆ ಬದಲಾಯಿಸಿ, ತಲೆ ಒರೆಸಿಕೊಳ್ಳಿ. ನಾನೊಂದು ಉಪಾಯ ಹೇಳಲಾ? ಅತ್ತೆಯವರನ್ನೇ ಕೇಳಿಕೊಳ್ಳಿ, ‘ಅತ್ತೆ, ನಾನು ಆರೂವರೆಗೆ ಬರುತ್ತೇನೆ, ಒಂದು ಬಕೆಟ್ ಬಿಸಿನೀರು ಕಾಯಿಸಿಟ್ಟಿರಿ’ ಅಂತ. ನಮ್ಮ ಮನೆಯಲ್ಲಿ ಅಮ್ಮ ಮೊದಲ ವರ್ಷ ಬೈದರು. ಎರಡನೇ ವರ್ಷ ನಾನು ಬರುವ ಹೊತ್ತಿಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂದಲು ಆರಿಸಿಕೋ ಅಂತ ಕಾಯುತ್ತಿದ್ದರು. ನಾನು ಏಳದಿದ್ದ ದಿನ ಅವರೇ ಬಂದು, ಇವತ್ತು ಹೋಗಲ್ವಾ ಅಂತ ಕೇಳುತ್ತಿದ್ದರು. ಅಲಾರಂಗಿಂತ ಅದು ಚೆನ್ನಾಗಿ ಕೆಲಸ ಮಾಡಿತು. ಅಂದಹಾಗೆ, ಬರೀ ಮೂಗು ಸೋರುತ್ತಿದ್ದರೆ ನಿಧಾನ ನಡಿಗೆಗೆ ತೊಂದರೆಯಿಲ್ಲ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಪೂರ್ತಿ ವಿಶ್ರಾಂತಿ. ಆಗ ಹಟ ಬೇಡ.

ಬಟ್ಟೆ ವಿಷಯದಲ್ಲಿ ಜನ ತಪ್ಪು ಮಾಡುವುದು ಜಾಸ್ತಿ. ಕಾಟನ್ ಚೂಡಿದಾರ್ ಟಾಪ್ ನೆನೆದರೆ ನೀರು ಕುಡಿದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ, ಉಜ್ಜಿ ಉಜ್ಜಿ ಚರ್ಮ ಕಿತ್ತುಬರುತ್ತದೆ. ಪಾಲಿಯೆಸ್ಟರ್‌ನ ತೆಳು ಸ್ಪೋರ್ಟ್ಸ್ ಟೀಶರ್ಟ್ ಸಾಕು, ದುಬಾರಿಯದೇ ಬೇಕು ಅಂತಿಲ್ಲ. ರೇನ್‌ಕೋಟ್ ಹಾಕಿಕೊಂಡು ಓಡಬೇಡಿ, ಒಳಗಿನ ಬೆವರು ಹೊರಗೆ ಹೋಗದೆ ಮಳೆಗಿಂತ ಜಾಸ್ತಿ ನೆನೆಯುತ್ತೀರಿ. ಕಣ್ಣಿಗೆ ನೀರು ಬೀಳದ ಹಾಗೆ ಮುಂದೆ ಅಂಚಿರುವ ಒಂದು ಕ್ಯಾಪ್ ತಗೊಳ್ಳಿ. ಮಳೆ ಓಟದ ಅರ್ಧ ಕಿರಿಕಿರಿ ಅದೊಂದರಿಂದ ಹೋಗುತ್ತದೆ. ತೊಡೆ ಸಂದಿ, ಕಂಕುಳು, ಒಳಉಡುಪಿನ ಅಂಚು ಉಜ್ಜುವ ಕಡೆಗೆಲ್ಲ ಹೊರಡುವ ಮುಂಚೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಫೋನಿಗೆ ಒಂದು ಜಿಪ್ ಕವರ್.

ಶೂ ಒಣಗಲ್ಲ ಅನ್ನುವುದೇ ಎಷ್ಟೋ ಜನರಿಗೆ ಕೊನೆಯ ನೆಪ. ಮನೆಗೆ ಬಂದ ಕೂಡಲೇ ಲೇಸ್ ಬಿಚ್ಚಿ, ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ. ಒಂದು ಗಂಟೆ ಬಿಟ್ಟು ಆ ಪೇಪರ್ ತೆಗೆದು ಒಣಗಿದ್ದು ತುರುಕಿ. ಮೊದಲ ಪೇಪರ್ ನೀರು ಹೀರಿ ಒದ್ದೆಯಾಗಿರುತ್ತದೆ, ಅದನ್ನು ಹಾಗೇ ಬಿಟ್ಟರೆ ಪ್ರಯೋಜನ ಇಲ್ಲ. ಆಮೇಲೆ ಫ್ಯಾನಿನ ಕೆಳಗಿಡಿ. ಒಲೆ ಪಕ್ಕ ಇಟ್ಟರೆ ತಳದ ಅಂಟು ಬಿಡುತ್ತದೆ, ಹಾಗೆ ನನ್ನ ಒಂದು ಜೊತೆ ಹಾಳಾಗಿದೆ. ದಿನ ಬಿಟ್ಟು ದಿನ ಓಡುವುದರಿಂದ ನಡುವೆ ಒಂದು ದಿನ ಸಿಗುತ್ತದಲ್ಲ, ಒಂದೇ ಜೊತೆ ಶೂ ಸಾಕು.

ದಾರಿಯನ್ನು ಮಾತ್ರ ಎಚ್ಚರದಿಂದ ಆರಿಸಿಕೊಳ್ಳಿ. ಅಮಾನಿಕೆರೆ ಸುತ್ತಿನ ಹಾದಿ, ಮಹಾತ್ಮ ಗಾಂಧಿ ಸ್ಟೇಡಿಯಂ ಕಡೆ ಆದರೆ ಗಾಡಿಗಳ ಕಾಟ ಇಲ್ಲ, ಬೆಳಗಿನ ಜನವೂ ಇರುತ್ತಾರೆ. ಮರದ ನೆರಳಿನ ಕಲ್ಲು, ಟೈಲ್ಸ್ ಮೇಲೆ ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ, ಅಲ್ಲಿ ನಡೆಯಿರಿ. ರಸ್ತೆಯ ಬಿಳಿ ಪಟ್ಟಿ ಮೇಲೂ ಕಾಲು ಜಾರುತ್ತದೆ. ಹೆಜ್ಜೆ ಚಿಕ್ಕದಿರಲಿ. ನಿಂತ ನೀರಿಗೆ ಕಾಲಿಡಬೇಡಿ, ಅಡಿಯಲ್ಲಿ ಗುಂಡಿ ಇದೆಯೋ, ಚೇಂಬರ್ ಮುಚ್ಚಳ ತೆಗೆದಿದೆಯೋ ಕಾಣಲ್ಲ. ಇನ್ನೊಂದು ಕಾರಣವೂ ಇದೆ, ಇಲಿ ಜ್ವರ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಆ ರೋಗಾಣು ಒಳಗೆ ಹೋಗಬಹುದು. ಗಾಯ, ಬಿರುಕು ಇದ್ದರೆ ಬ್ಯಾಂಡೇಜ್ ಹಾಕಿಕೊಳ್ಳಿ, ಬಂದಮೇಲೆ ಸೋಪು ಹಾಕಿ ಕಾಲು ತೊಳೆಯಿರಿ. ಗಾಳಿ ಜೋರಿದ್ದ ರಾತ್ರಿಯ ಮಾರನೇ ದಿನ ಬಿದ್ದ ವೈರ್ ಕಂಡರೆ ಹತ್ತಿರ ಹೋಗಬೇಡಿ.

ಇಷ್ಟೆಲ್ಲ ಹೋಗಿ ಹೋಗಿ ಅಂದ ನಾನೇ ಒಂದು ಕಡೆ ಬೇಡ ಅನ್ನುತ್ತೇನೆ. ಗುಡುಗು ಸಿಡಿಲು ಇದ್ದರೆ ಬೇಡವೇ ಬೇಡ. ಮಿಂಚು ಕಂಡ ಮೇಲೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ, ಕೂಡಲೇ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಮರದ ಕೆಳಗೆ, ಕೆರೆ ಏರಿ ಮೇಲೆ, ಬಯಲಿನಲ್ಲಿ ನಿಲ್ಲಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿರುವ ‘ದಾಮಿನಿ’ ಅನ್ನುವ ಆ್ಯಪ್ ಇದೆ, ನೀವಿರುವ ಜಾಗದ ಸುತ್ತ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಹಾಕಿಕೊಳ್ಳಿ. ಅಂಥ ದಿನ ಮನೆಯೊಳಗೆ ಅದೇ ಹೊತ್ತಿಗೆ ಅದೇ ಶೂ ಹಾಕಿಕೊಂಡು ಹದಿನೈದು ನಿಮಿಷ ಏನಾದರೂ ಮಾಡಿ. ಮೆಟ್ಟಿಲು ಹತ್ತಿಳಿಯಿರಿ, ನಿಂತಲ್ಲೇ ಮಂಡಿ ಎತ್ತಿ ನಡೆಯಿರಿ, ಕುರ್ಚಿಯಿಂದ ಎದ್ದು ಕೂತು ಮಾಡಿ. ದೇಹಕ್ಕೆ ಅದು ಓಟದಷ್ಟು ಆಗದಿದ್ದರೂ ಐದೂವರೆ ಅನ್ನುವ ಹೊತ್ತು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಶುಗರ್‌ಗಂತೂ ಮಾಂಸಖಂಡ ಕೆಲಸ ಮಾಡಿದರೆ ಒಳ್ಳೆಯದೇ, ಅದು ಮನೆಯೊಳಗಾದರೇನು, ಹೊರಗಾದರೇನು. ಮುಂದೆ ಡಾಕ್ಟರು ಮಾತ್ರೆ ಶುರು ಮಾಡಿದರೆ ಓಡುವ ವಿಷಯ ಅವರಿಗೆ ತಪ್ಪದೆ ಹೇಳಿ.

ನಾಳೆ ಅಲಾರಂ ಹೊಡೆದಾಗ ಕಿಟಕಿ ಕಡೆ ನೋಡಬೇಡಿ. ಒಂದು ತಿಂಗಳು ಬಿಟ್ಟು ಆ ಕ್ಯಾಲೆಂಡರ್ ಏನು ಹೇಳಿತು ಅಂತ ನನಗೆ ಬರೆಯುತ್ತೀರಲ್ಲ?

ಪ್ರಶ್ನೆ: ಮೇಡಂ, ಚಿಕ್ಕಬಳ್ಳಾಪುರದಲ್ಲಿದ್ದೇನೆ. ವಯಸ್ಸು 52. ಡಿಸೆಂಬರ್, ಜನವರಿ ಬಂದರೆ ಇಲ್ಲಿ ಬೆಳಿಗ್ಗೆ ದಟ್ಟ ಮಂಜು, ಎದುರಿನವರು ಕಾಣಲ್ಲ. ಹೋದ ವರ್ಷ ನಂದಿ ರಸ್ತೆಯಲ್ಲಿ ಓಡುತ್ತಿದ್ದಾಗ ಒಂದು ಗೂಡ್ಸ್ ಆಟೋ ಮೈಮೇಲೇ ಬಂತು. ಅವತ್ತಿನಿಂದ ಹೆದರಿಕೆ. ಚಳಿಗೆ ಉಬ್ಬಸವೂ ಸ್ವಲ್ಪ ಬರುತ್ತದೆ. ಈ ಸಲ ಏನು ಮಾಡಲಿ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ ಸರ್, ಅದನ್ನು ಮೀರಿ ಹೋಗಿ ಅಂತ ನಾನು ಹೇಳಲ್ಲ. ಮಂಜಿನಲ್ಲಿ ಗಾಡಿ ಓಡುವ ರಸ್ತೆಯೇ ಬೇಡ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರು ಮುಕ್ಕಾಲರ ಹತ್ತಿರ, ಮಂಜು ತಿಳಿಯಾಗಲು ಇನ್ನೂ ಒಂದು ಗಂಟೆ ಬೇಕು. ಆ ಎರಡು ತಿಂಗಳು ಎಂಟಕ್ಕೋ, ಸಂಜೆ ಐದಕ್ಕೋ ಹೊರಡಿ. ಬೆಳಗಿನ ಜಾವವೇ ಆಗಬೇಕು ಅಂದರೆ ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಡಿಯಂ ಒಳಗೆ ಸುತ್ತು ಹಾಕಿ. ಸುತ್ತಿ ಸುತ್ತಿ ಬೇಸರ ಬರುತ್ತದೆ, ಗೊತ್ತು, ಒಬ್ಬ ಗೆಳೆಯರನ್ನು ಕರೆದುಕೊಂಡು ಹೋದರೆ ಮಾತಿನಲ್ಲಿ ಸುತ್ತು ಕಳೆಯುತ್ತದೆ.

ರಸ್ತೆಗೆ ಇಳಿಯಲೇಬೇಕಾದ ದಿನ ಬಲಬದಿಯಲ್ಲಿ, ಬರುವ ಗಾಡಿಗೆ ಮುಖ ಮಾಡಿ ಓಡಿ. ನಮ್ಮಲ್ಲಿ ಗಾಡಿ ಎಡಗಡೆ ಓಡುವುದರಿಂದ ಎಡಬದಿಯಲ್ಲಿ ಓಡಿದರೆ ಅದು ಬೆನ್ನ ಹಿಂದಿನಿಂದ ಬರುತ್ತದೆ, ನಿಮಗೆ ಕಾಣುವುದೇ ಇಲ್ಲ. ಕಿವಿಗೆ ಇಯರ್‌ಫೋನ್ ಬೇಡ. ಕಟ್ಟಡ ಕೆಲಸದವರು ಹಾಕುವ ಹೊಳೆಯುವ ಪಟ್ಟಿಯ ಜಾಕೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಹಾಕಿಕೊಳ್ಳಿ.

ಉಬ್ಬಸಕ್ಕೆ: ತಣ್ಣನೆಯ ಒಣ ಗಾಳಿ ಜೋರಾಗಿ ಒಳಗೆ ಹೋದರೆ ಶ್ವಾಸನಾಳ ಬಿಗಿಯುತ್ತದೆ. ಹತ್ತು ಹದಿನೈದು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡ ಮೇಲೆ ಓಡಿ, ಮೂಗು ಬಾಯಿಗೆ ತೆಳು ಬಟ್ಟೆ ಕಟ್ಟಿಕೊಳ್ಳಿ. ಅದಕ್ಕೂ ಮುಂಚೆ ಡಾಕ್ಟರಿಗೆ ಒಮ್ಮೆ ತೋರಿಸಿ. ಇನ್‌ಹೇಲರ್ ಕೊಟ್ಟರೆ ಅದು ಜೇಬಿನಲ್ಲೇ ಇರಲಿ, ಮನೆಯ ಡ್ರಾಯರ್‌ನಲ್ಲಿದ್ದರೆ ದಾರಿಯಲ್ಲಿ ಕೈಗೆ ಸಿಗಲ್ಲ.

ಪ್ರಶ್ನೆ: ಅಕ್ಕ, ನನಗೆ 20 ವರ್ಷ, ಕೋಲಾರ ತಾಲ್ಲೂಕಿನ ಹಳ್ಳಿ. ಪೊಲೀಸ್ ಕಾನ್‌ಸ್ಟೇಬಲ್‌ಗೆ ರೆಡಿ ಆಗುತ್ತಿದ್ದೇನೆ. 1600 ಮೀಟರ್ ಓಟ ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನಮ್ಮೂರ ಗ್ರೌಂಡ್ ಮಳೆಗೆ ಪೂರ್ತಿ ಕೆಸರು. ನಾಲ್ಕು ದಿನದಿಂದ ಏಳೂವರೆ ನಿಮಿಷ ಆಗುತ್ತಿದೆ. ಓಡೋ ಮನಸ್ಸೇ ಹೋಗಿದೆ.
– ಕೋಲಾರದ ಓದುಗ

ಉತ್ತರ: ತಮ್ಮಾ, ಕೆಸರಲ್ಲಿ ಓಡುವಾಗ ವಾಚ್ ನೋಡುವುದನ್ನು ನಿಲ್ಲಿಸು. ಹೆಜ್ಜೆ ಊರಿದಾಗ ನೆಲ ಜಾರಿ ನಿನ್ನ ಶಕ್ತಿಯನ್ನೇ ತಿನ್ನುತ್ತದೆ, ಅಲ್ಲಿ ಏಳೂವರೆ ಬಂತು ಅಂದರೆ ಗಟ್ಟಿ ನೆಲದಲ್ಲೂ ಅಷ್ಟೇ ಅಂತಲ್ಲ. ಹಾಗಂತ ಆರೂವರೆ ಒಳಗೆ ಬಂದುಬಿಡುತ್ತದೆ ಅಂತಲೂ ಹೇಳಲಾರೆ, ಗಟ್ಟಿ ನೆಲದಲ್ಲಿ ಓಡಿಯೇ ನೋಡಬೇಕು. ಕೆಸರಿನ ದಿನ 20, 25 ನಿಮಿಷ ಸಮವಾಗಿ ನಿಧಾನಕ್ಕೆ ಓಡು, ಟೈಮ್ ಬರೆದುಕೊಳ್ಳಬೇಡ. ವಾರಕ್ಕೆ ಒಂದು ಸಲ ಕೋಲಾರಕ್ಕೆ ಬಂದು ಸ್ಟೇಡಿಯಂನಲ್ಲಿ ಅಥವಾ ಊರಿನ ಹತ್ತಿರ ಗಾಡಿ ಓಡಾಡದ ಡಾಂಬರು ರಸ್ತೆಯಲ್ಲಿ 400 ಮೀಟರ್ ಅಳೆದು, ನಾಲ್ಕು ಸಲ ಓಡು, ಪ್ರತಿ ಸಲದ ನಡುವೆ ಎರಡು ನಿಮಿಷ ನಡೆ. ಆರೂವರೆಗೆ ಬರಬೇಕಾದರೆ ಒಂದೊಂದು 400 ಮೀಟರ್ ಹತ್ತಿರ ಹತ್ತಿರ 97 ಸೆಕೆಂಡ್ ಆಗಬೇಕು. ಮೊದಲನೆಯದನ್ನು 80ರಲ್ಲಿ ಓಡಿ ನಾಲ್ಕನೆಯದಕ್ಕೆ ಸುಸ್ತಾಗಿ ಕೂರುವವರೇ ಜಾಸ್ತಿ. ನೀನು ಮೊದಲನೆಯದನ್ನೂ 95, 97ಕ್ಕೇ ಹಿಡಿದು ಓಡು. ನಾಲ್ಕೂ ಸಮ ಬರುವ ದಿನ ನಡುವಿನ ನಡಿಗೆಯನ್ನು ಒಂದೂವರೆ ನಿಮಿಷಕ್ಕೆ, ಆಮೇಲೆ ಒಂದಕ್ಕೆ ಇಳಿಸುತ್ತಾ ಬಾ.

ಕಾಲಿಗೆ ಬಲ ಬರಲಿ ಅಂತ ನಿಮ್ಮ ಕಡೆ ಹುಡುಗರು ಅಂತರಗಂಗೆ ಮೆಟ್ಟಿಲು ಹತ್ತುತ್ತಾರೆ. ಒಳ್ಳೆಯದೇ, ಹತ್ತುವಾಗ ಓಡು. ಕಲ್ಲು ಒದ್ದೆ ಇರುವಾಗ ಇಳಿಯುವುದು ಮಾತ್ರ ನಡೆದೇ ಆಗಲಿ, ಕಾಲು ಉಳುಕಿದರೆ ಆರು ವಾರ ಹೋಗುತ್ತದೆ, ನಿನ್ನ ಕೈಯಲ್ಲಿ ಅಷ್ಟು ದಿನ ಇಲ್ಲ. ಶೂಗೆ ಅಂಟಿದ ಕೆಸರು ಒಣಗುವ ಮುಂಚೆಯೇ ತೊಳೆದುಬಿಡು, ಒಣಗಿದ ಮೇಲೆ ಕೆರೆದರೆ ತಳದ ಹಿಡಿತ ಸವೆಯುತ್ತದೆ. ಗಟ್ಟಿ ನೆಲದ ಮೇಲೆ ಎಷ್ಟು ಬಂತು ಅಂತ ಬರೆದು ಕಳಿಸು.